ಸಣ್ಣ ಕ್ಯಾಮೆರಾವೂ ಅತ್ತೆಯ ಲೈಟೂ

ಮೊನ್ನೆ ಅಟ್ಟದ ಮೇಲಿನ ಹಳೆಯ ಪಾತ್ರೆಗಳನ್ನು ಕೆಳಗಿಳಿಸುವಾಗ ಅವುಗಳ ಹಿಂದಿನಿಂದ ಒಂದು ಚೀಲ ಜಾರಿ ಬಿತ್ತು. ಕುಬಸದ ಖಣದಲ್ಲಿ ಹೊಲಿದ ಚೀಲ. ಹೆಗಲಿಗೆ ಹಾಕಿಕೊಳ್ಳಲು ಉದ್ದನೆಯ ಪಟ್ಟಿ, ಪಕ್ಕದಲ್ಲಿ ವೈರು ಹೊರಗೆ ಬರಲೆಂದು ಸುತ್ತಲೂ ಕಾಜಾ ಹೊಲಿದ ಒಂದು ತೂತು. ಮಗಳು ಎತ್ತಿ ನೋಡಿ, "ಇದು ಎನ್ನಮ್ಮಾ, ಲಂಚ್ ಬ್ಯಾಗಾ?" ಎಂದಳು. ನಮ್ಮ ಮನೆಯಲ್ಲಿ ಪ್ರಶ್ನೆ ತಮಿಳಿನಲ್ಲಿ ಹೊರಟು ಉತ್ತರ ಕನ್ನಡದಲ್ಲಿ ಸಿಗುವುದು ರೂಢಿ. "ಬ್ಯಾಟರಿ ಚೀಲ. ನಿನ್ನ ಅಜ್ಜಿ ಹೊಲಿದದ್ದು" ಎಂದೆ. ಅವಳು ಅದನ್ನು ಪಾತ್ರೆಗಳ ಪಕ್ಕದಲ್ಲಿಟ್ಟು ತನ್ನ ಫೋನಿನ ಕಡೆಗೆ ಹೋದಳು. ನಾನು ಏಣಿಯ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಏಣಿಯ ಮೇಲೆ ಕೂತು ಹಳೆಯದನ್ನು ನೆನೆಯುವುದು ನನ್ನ ಮಂಡಿಗೆ ಒಗ್ಗುವ ಕೆಲಸವಲ್ಲ. ಆದರೂ ಕೂತೆ.

ಕ್ಯಾಮೆರಾದ ಹುಚ್ಚು ನನಗೆ ಎಲ್ಲಿಂದ ಬಂತೆಂದು ಆಗ ಎಲ್ಲರೂ ಕೇಳುತ್ತಿದ್ದರು. ನನ್ನ ಅಪ್ಪ ರೈಲಿನಲ್ಲಿ ಟಿಕೆಟ್ ನೋಡುವವರು. ಅಂಗಿಯ ಜೇಬಿನಲ್ಲಿ ಯಾವಾಗಲೂ ತೂತು ಬಿದ್ದ ದಪ್ಪ ರಟ್ಟಿನ ಟಿಕೆಟ್ಟು ಒಂದೆರಡು ಉಳಿದಿರುತ್ತಿದ್ದವು. ಆ ತೂತಿಗೆ ಕಣ್ಣಿಟ್ಟು ನಾನು ಪುರಸೈವಾಕ್ಕಂ ಎಂಬ ತಮಿಳು ಬಡಾವಣೆಯ ನಮ್ಮ ಬೀದಿಯನ್ನು ನೋಡುತ್ತಿದ್ದೆ. ಸೀರೆ ಅಂಗಡಿ, ಪಾತ್ರೆ ಅಂಗಡಿ, ಗಿರಾಕಿಯನ್ನು ಕೈಹಿಡಿದು ಎಳೆಯುವವರು, ಹಬ್ಬದ ಹಿಂದಿನ ದಿನಗಳಲ್ಲಿ ತಲೆಗಳಷ್ಟೇ ಕಾಣುವ ಜನಜಂಗುಳಿ. ಬರಿಗಣ್ಣಿಗೆ ಇದೆಲ್ಲ ಬರೀ ಗದ್ದಲ. ತೂತಿನೊಳಗಿಂದ ನೋಡಿದರೆ ಒಂದು ಸಲಕ್ಕೆ ಒಬ್ಬ ಮನುಷ್ಯ ಮಾತ್ರ. ಬಳೆ ಹಾಕಿಸಿಕೊಳ್ಳುತ್ತಾ ಮುಖ ಕಿವುಚುವ ಹೆಂಗಸು, ಬೇರೆ ಏನೂ ಇಲ್ಲ. ಅಪ್ಪನ ಬಳಿ ಒಂದು ಡಬ್ಬಿ ಕ್ಯಾಮೆರಾವೂ ಇತ್ತು. ಒಂದು ದೀಪಾವಳಿಗೆ ಹಾಕಿದ ರೀಲು ಮುಂದಿನ ದೀಪಾವಳಿಗೆ ಮುಗಿದರೆ ಅವಸರವಾಯಿತು ಎನ್ನುವ ಮನುಷ್ಯ ಅವರು. ತೊಳೆಸಿ ತಂದಾಗ ಒಂದೇ ಲಕೋಟೆಯಲ್ಲಿ ತಂಗಿಯ ತೊಟ್ಟಿಲೂ ಅವಳು ನಡೆದ ಹೆಜ್ಜೆಯೂ ಒಟ್ಟಿಗೆ ಬರುತ್ತಿದ್ದವು. ನಡುವಿನ ತಿಂಗಳುಗಳಲ್ಲಿ ಅವಳು ಏನು ಮಾಡುತ್ತಿದ್ದಳೆಂದು ಯಾರಿಗೂ ಗೊತ್ತಿಲ್ಲ.

ಮದುವೆಯಾದ ಮೇಲೂ ನಾನು ಅದೇ ಪುರಸೈವಾಕ್ಕಂನಲ್ಲಿ ಉಳಿದೆ. ನಮ್ಮವರದೂ ರೈಲ್ವೆ, ಲೆಕ್ಕಪತ್ರದ ಕಚೇರಿ. ಅತ್ತೆ ನೀಲಮ್ಮ ಗದಗಿನವರು. ಮಾವ ತೀರಿಕೊಂಡ ಮೇಲೆ ಇಲ್ಲಿಗೆ ಬಂದವರು ಇಲ್ಲಿಯೇ ನಿಂತರು. ತಮಿಳು ಅವರಿಗೆ ಅರ್ಥವಾಗುತ್ತಿತ್ತು, ಆದರೆ ಉತ್ತರ ಕೊಡುತ್ತಿದ್ದುದು ಗದಗಿನ ಕನ್ನಡದಲ್ಲಿ. ತರಕಾರಿಯವಳಾಗಲಿ ಕಂಡಕ್ಟರ್ ಆಗಲಿ, ಅರ್ಥಮಾಡಿಕೊಳ್ಳುವುದು ಅವರವರ ಪಾಡು. ಆಶ್ಚರ್ಯವೆಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು.

ನಮ್ಮ ಬೀದಿಯ ತುದಿಯಲ್ಲಿ ಸೆಲ್ವರಾಜ್ ಅಣ್ಣನ ಸ್ಟುಡಿಯೋ ಇತ್ತು. ಮಗಳು ಶಾಲೆಗೆ ಸೇರಿದ ಮೇಲೆ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಒಳಗಿನ ಕೋಣೆಯಲ್ಲಿ ಕೂತು ಮದುವೆಯ ಕ್ಯಾಸೆಟ್ಟುಗಳನ್ನು ಕತ್ತರಿಸಿ ಜೋಡಿಸುವುದು, ವಧೂವರರ ಹೆಸರು ಹೂವಿನಿಂದ ಅರಳುವಂತೆ ಮಾಡುವುದು, ಮೇಲೆ ಸಿನಿಮಾ ಹಾಡು ಹಾಕುವುದು. ಗಂಡಸರು ಹೊರಗೆ ಹೋಗಿ ಮದುವೆಗಳನ್ನು ಹಿಡಿದು ತರುತ್ತಿದ್ದರು, ನಾನು ಸೊಪ್ಪು ಸೋಸುವ ಹಾಗೆ ಸೋಸುತ್ತಿದ್ದೆ. ಸೋಸಿ ಸೋಸಿ ನನಗೊಂದು ಸಿಟ್ಟು ಬೆಳೆಯಿತು. ಆ ಕಾಲದ ಮದುವೆ ಕ್ಯಾಮೆರಾ ಹೆಗಲ ಮೇಲೆ ಹೊರುವಂಥದ್ದು. ಅದರ ಜೊತೆಗೆ ಗೋಡೆಯ ಪ್ಲಗ್ಗಿನಿಂದ ಉದ್ದನೆಯ ವೈರು ಎಳೆದುಕೊಂಡು ಬರುವ ದೊಡ್ಡ ಲೈಟು. ಆ ಲೈಟು ಬಿದ್ದ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ಮದುಮಗಳು ಕಣ್ಣು ಕಿರಿದು ಮಾಡುತ್ತಿದ್ದಳು, ಬೆವರುತ್ತಿದ್ದಳು, ಕಾಡಿಗೆ ಇಳಿಯುತ್ತಿತ್ತು. ಲೈಟು ಮುಟ್ಟದ ಕಡೆ ಪೂರಾ ಕತ್ತಲು. ಹೆಣ್ಣಿನ ಅಲಂಕಾರದ ಕೋಣೆಗಂತೂ ಗಂಡಸರ ತಂಡ ಬಾಗಿಲ ತನಕ ಹೋಗಿ ಹಿಂದೆ ಬರಬೇಕು. ಒಂದು ಕ್ಯಾಸೆಟ್ಟಿನಲ್ಲಿ ಆ ಮುಚ್ಚಿದ ಬಾಗಿಲನ್ನೇ ಎಷ್ಟೋ ಹೊತ್ತು ತೋರಿಸಿದ್ದರು. ಒಳಗಿಂದ ನಗು ಕೇಳುತ್ತಿತ್ತು. ನಾನು ಆ ಬಾಗಿಲನ್ನು ಕತ್ತರಿಸುವಾಗಲೇ ನಿಶ್ಚಯ ಮಾಡಿದೆ. ಆ ಬಾಗಿಲಿನ ಒಳಗೆ ನಾನು ಹೋಗುತ್ತೇನೆ.

ನಮ್ಮವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಮಾಡು. ಆದ್ರ ಅದನ್ನ ನನ್ನ ಕಡೆ ಹೊರಸಬ್ಯಾಡ" ಎಂದರು. ನಮ್ಮ ಸಂಸಾರದಲ್ಲಿ ಇದನ್ನು ಪೂರ್ಣ ಬೆಂಬಲ ಎಂದೇ ತಿಳಿಯಬೇಕು.

ಸೆಲ್ವರಾಜ್ ಅಣ್ಣ ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇಂದಿಗೂ ಗೌರವ. ಟೀ ತರಿಸಿ, ಎದುರಿಗೆ ಕೂರಿಸಿ ಒಂದೇ ಬುದ್ಧಿಮಾತು ಹೇಳಿದರು. "ಕ್ಯಾಮೆರಾ ಪೆರುಸಾ ಇರುಂದಾತ್ತಾನ್ ಮಾ ಮರಿಯಾದೈ." ಕ್ಯಾಮೆರಾ ದೊಡ್ಡದಿದ್ದರೆ ಮಾತ್ರ ಮದುವೆ ಮನೆಯಲ್ಲಿ ಮರ್ಯಾದೆ. ಹೆಗಲ ಮೇಲೆ ಭಾರ ಕಂಡರೆ ಜನ ದಾರಿ ಬಿಡುತ್ತಾರೆ, ಕೈಯಲ್ಲಿ ಸಣ್ಣದು ಕಂಡರೆ ಯಾರೋ ನೆಂಟರವಳು ಆಟಕ್ಕೆ ತಂದಿದ್ದಾಳೆ ಎಂದುಕೊಳ್ಳುತ್ತಾರೆ. ಅದರಲ್ಲೂ ನೀನು ಹೆಂಗಸು. ಈ ಕೊನೆಯ ಮಾತನ್ನು ಅವರು ಟೀ ಲೋಟದೊಳಗೆ ನೋಡುತ್ತಾ ಹೇಳಿದರು.

ಗಿಂಡಿ ಬಡಾವಣೆಯಲ್ಲಿ ಅವರ ಪರಿಚಯದವರೊಬ್ಬರು ಈ ಕಸುಬು ಬಿಟ್ಟು ಬೇರೆ ಉದ್ಯೋಗಕ್ಕೆ ಹೊರಟಿದ್ದರು. ಅವರ ಹೆಗಲ ಕ್ಯಾಮೆರಾ ನೋಡಲು ಲೋಕಲ್ ಟ್ರೈನು ಹತ್ತಿ ಹೋದೆವು, ನಾನು ಮತ್ತು ಅತ್ತೆ. ಅತ್ತೆ ಯಾಕೆ ಬಂದರು ಎಂದು ಕೇಳಬೇಡಿ. ಮಗಳನ್ನು ಶಾಲೆಗೆ ಕಳಿಸಿದ ಮೇಲೆ ಮನೆಯಲ್ಲಿ ಒಬ್ಬರೇ ಕೂತು ಏನು ಮಾಡಲಿ ಎಂದು ಸೆರಗು ಹೊದ್ದು ಹೊರಟೇಬಿಟ್ಟರು. ಆ ಮನೆಯ ಹಜಾರದಲ್ಲಿ ನಾನು ಕ್ಯಾಮೆರಾವನ್ನು ಹೆಗಲಿಗೇರಿಸಿದೆ. ನನ್ನ ಎತ್ತರ ನಿಮಗೆ ಗೊತ್ತಿಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಬೇಕಾದರೆ ತುದಿಗಾಲಲ್ಲಿ ನಿಲ್ಲುವವಳು ನಾನು. ಕ್ಯಾಮೆರಾ ಏರಿದ ಕೂಡಲೇ ಇಡೀ ಮೈ ಬಲಕ್ಕೆ ವಾಲಿತು. ಎಡಗಣ್ಣು ಮುಚ್ಚಿದರೆ ಬಲಗಣ್ಣೂ ಜೊತೆಗೆ ಮುಚ್ಚಿಕೊಳ್ಳುತ್ತಿತ್ತು. ಕಷ್ಟಪಟ್ಟು ಒಂದು ಸುತ್ತು ತಿರುಗಿದೆ.

"ಗಿರಿಜಾ, ಇಳಸು" ಎಂದರು ಅತ್ತೆ. "ಜ್ವಾಳದ ಚೀಲ ಹೊತ್ತವರಂಗ ಕಾಣ್ತಿ. ಮದುವಿಗೆ ಬಂದವರು ಮದುಮಗಳನ್ನ ನೋಡಬೇಕೋ, ನಿನ್ನ ನೋಡಿ ಅಯ್ಯೋ ಪಾಪ ಅನಬೇಕೋ?"

ಇಳಿಸಿದೆ. ಹೆಗಲು ನೋಯುತ್ತಿತ್ತು, ಮನಸ್ಸು ಮಾತ್ರ ಗಟ್ಟಿಯಾಯಿತು. ವಾಪಸು ಬರುವ ಟ್ರೈನಿನಲ್ಲಿ, ಕಿಟಕಿಯ ಪಕ್ಕ ಕೂತು, ನನಗೆ ಬೇಕಾದ್ದು ಏನು ಎಂದು ನನಗೇ ನಾನು ಹೇಳಿಕೊಂಡೆ. ಕೈಯಲ್ಲಿ ಹಿಡಿಯುವಂಥದ್ದು. ಕಡಿಮೆ ಬೆಳಕಿನಲ್ಲೂ ಮುಖ ಮುಖದ ಹಾಗೆ ಕಾಣುವಂಥದ್ದು. ಶಬ್ದದ ಮಟ್ಟವನ್ನು ನಾನೇ ತಿರುಗಿಸಿ ಹಿಡಿಯುವಂಥದ್ದು. ಈ ಮೂರನೆಯದು ಒಳಕೋಣೆಯಲ್ಲಿ ಕೂತವಳಿಗೆ ಮಾತ್ರ ಗೊತ್ತಾಗುವ ವಿಷಯ. ಗಟ್ಟಿಮೇಳ ಮೊಳಗಿದ ಕೂಡಲೇ ಎಷ್ಟೋ ಕ್ಯಾಮೆರಾಗಳು ತಾವಾಗಿಯೇ ಶಬ್ದವನ್ನು ಅದುಮಿಬಿಡುತ್ತಿದ್ದವು. ಡೋಲು ನಿಂತ ಮೇಲೂ ಸ್ವಲ್ಪ ಹೊತ್ತು ಎಲ್ಲವೂ ನೀರೊಳಗಿಂದ ಕೇಳಿದ ಹಾಗೆ. ತಾಳಿ ಕಟ್ಟಿದ ಕೂಡಲೇ ತಾಯಿ ಮಗಳಿಗೆ ಏನೋ ಹೇಳುತ್ತಾಳಲ್ಲ, ಅದು ಯಾವ ಕ್ಯಾಸೆಟ್ಟಿನಲ್ಲೂ ಇರುತ್ತಿರಲಿಲ್ಲ.

ಆಗ ಸಣ್ಣ ಡಿಜಿಟಲ್ ಕ್ಯಾಸೆಟ್ಟಿನ ಕ್ಯಾಮೆರಾಗಳು ಬರತೊಡಗಿದ್ದವು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕ್ಯಾಸೆಟ್ಟು. ಮೌಂಟ್ ರೋಡಿನ ಹಿಂದಿನ ಎಲೆಕ್ಟ್ರಾನಿಕ್ ಅಂಗಡಿಗಳ ಬೀದಿಗೆ ಅತ್ತೆಯನ್ನು ಈ ಸಲ ನಾನೇ ಕರೆದುಕೊಂಡು ಹೋದೆ, ಕಾರಣವಿತ್ತು. ಅಂಗಡಿಯವನು ಕ್ಯಾಮೆರಾವನ್ನು ಬಾಗಿಲ ಕಡೆ, ಬಿಸಿಲಿನ ಕಡೆ ತಿರುಗಿಸಿ ತೋರಿಸುತ್ತಾನೆ. ಬಿಸಿಲಿನಲ್ಲಿ ಯಾವ ಕ್ಯಾಮೆರಾ ತಾನೇ ಕೆಟ್ಟದಾಗಿ ಕಾಣುತ್ತದೆ? ನಾನು ಅತ್ತೆಯನ್ನು ಅಂಗಡಿಯ ಹಿಂದಿನ ಮೂಲೆಯಲ್ಲಿ, ರಟ್ಟಿನ ಡಬ್ಬಗಳ ನಡುವೆ, ಟ್ಯೂಬ್‌ಲೈಟಿಗೆ ಬೆನ್ನು ಮಾಡಿ ಕೂರಿಸಿದೆ.

"ಅತ್ತಿ, ಕೊಂಜ ಆ ಕಡೆ ತಿರುಗ್ರಿ."

"ಏನು ಹೆಣ್ಣು ನೋಡಾಕ ಬಂದೀಯೇನು ನನ್ನ?" ಎನ್ನುತ್ತಲೇ ತಿರುಗಿದರು.

ಮೊದಲ ಕ್ಯಾಮೆರಾದಲ್ಲಿ ಅತ್ತೆಯ ಮುಖದ ಮೇಲೆ ಇರುವೆ ಹರಿದಾಡಿದ ಹಾಗೆ ಚುಕ್ಕಿಗಳು. ಇನ್ನೊಂದರಲ್ಲಿ ಮುಖ ನೀಲಿ. ಮತ್ತೊಂದರಲ್ಲಿ, ಅಂಗಡಿಯವನು ಬೇಡವೆಂದರೂ ಕಪಾಟಿನಿಂದ ತೆಗೆಸಿದ ಒಂದರಲ್ಲಿ, ಅತ್ತೆ ಅತ್ತೆಯ ಹಾಗೇ ಇದ್ದರು. ಹಣೆಯ ವಿಭೂತಿಯ ಗೆರೆ, ಕಣ್ಣ ಕೆಳಗಿನ ಮಚ್ಚೆ, ಕಿವಿಯ ತೂತು ಜೋತದ್ದು, ಎಲ್ಲ ಅದರದರ ಬಣ್ಣದಲ್ಲಿ. ಆಮೇಲೆ ಶಬ್ದದ ಪರೀಕ್ಷೆ. ತಂದಿದ್ದ ಬುತ್ತಿಯ ಸ್ಟೀಲ್ ಡಬ್ಬಿಯನ್ನೂ ಚಮಚವನ್ನೂ ಅತ್ತೆಯ ಕೈಗೆ ಕೊಟ್ಟು ಬಾರಿಸಿ ಎಂದೆ. ಅವರು ಹಿಂದೆಮುಂದೆ ನೋಡದೆ ಬಾರಿಸಿದರು. ಪಕ್ಕದ ಅಂಗಡಿಗಳವರು ಹೊರಗೆ ಬಂದು ನಿಂತರು. ನಾನು ಕಿವಿಗೆ ಹೆಡ್‌ಫೋನು ಹಾಕಿ ಗುಂಡಿ ತಿರುಗಿಸಿದೆ. ಬಾರಿಸಿ ಮುಗಿಸಿ ಅತ್ತೆ ಮೆಲ್ಲಗೆ, "ಸಾಕೇನವಾ?" ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಅದನ್ನೇ ಕೊಂಡೆ. ಬೆಲೆಯ ಮಾತು ಬೇಡ. ಅದಕ್ಕಾಗಿ ನನ್ನ ಬಳೆಗಳು ಹೋದವು, ಅಷ್ಟೇ. ಬಳೆ ಇಲ್ಲದ ಕೈಗೆ ಕ್ಯಾಮೆರಾ ಹಿಡಿಯುವುದು ಸಲೀಸು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಬಳೆಯ ಸದ್ದು ಮೈಕಿಗೆ ಬೀಳುತ್ತದೆ. ಜೊತೆಗೆ ಒಂದು ಒಳ್ಳೆಯ ಮೈಕು, ಒಂದು ಗಟ್ಟಿ ಸ್ಟ್ಯಾಂಡು, ಮತ್ತು ಕೈಯಲ್ಲಿ ಹಿಡಿಯುವ, ಬ್ಯಾಟರಿಯಿಂದ ಉರಿಯುವ ಒಂದು ಸಣ್ಣ ಲೈಟು. ಲೈಟಿನ ಮುಂದೆ ಮಜ್ಜಿಗೆಯ ಬಣ್ಣದ ಹಾಳೆ ಕಟ್ಟಿದರೆ ಬೆಳಕು ಮೆತ್ತಗೆ ಬೀಳುತ್ತಿತ್ತು.

ಒಂದು ಮದುವೆ ಒಪ್ಪಿಕೊಂಡದ್ದೂ ಆಯಿತು, ಲೈಟು ಹಿಡಿಯುವವರು ಯಾರು? ಸೆಲ್ವರಾಜ್ ಅಣ್ಣನ ಕಡೆಯವರನ್ನು ಕೇಳಿದೆ. ಕ್ಯಾಮೆರಾದ ಅಳತೆ ನೋಡಿ ಒಬ್ಬೊಬ್ಬರಿಗೂ ಆ ದಿನ ಬೇರೆ ಕೆಲಸ ಬಂತು. ಮನೆಗೆ ಬಂದು ಸಪ್ಪಗೆ ಕೂತಿದ್ದೆ. ಅತ್ತೆ ಲೈಟನ್ನು ಎತ್ತಿ, ಹೊತ್ತಿಸಿ, ಗೋಡೆಯ ಮೇಲೆ ಬೆಳಕನ್ನು ಆಚೆ ಈಚೆ ಆಡಿಸಿದರು.

"ಗದಗಿನಾಗ ಕಂದೀಲು ಹಿಡದು ಎಷ್ಟು ಹೆರಿಗಿಗೆ ನಿಂತೀನಿ. ಸೂಲಗಿತ್ತಿಗೆ ಎಲ್ಲಿ ಬೆಳಕು ಬೇಕು ಅಂತ ಆಕಿ ಬಾಯಿ ಬಿಟ್ಟು ಹೇಳ್ತಿದ್ದಿಲ್ಲ. ನೀನೂ ಹೇಳಬ್ಯಾಡ."

ಮರುದಿನ ಹಳೆಯ ಖಣ ಒಂದನ್ನು ಹುಡುಕಿ ಬ್ಯಾಟರಿಗೆ ಚೀಲ ಹೊಲಿದರು.

ಮೊದಲ ಮದುವೆ ನುಂಗಂಬಾಕ್ಕಂನ ಚಂದ್ರಶೇಖರ್ ಅವರ ಮಗಳದು. ಮೈಸೂರಿನ ಕಡೆಯವರು, ವಿಮಾ ಕಚೇರಿಯಲ್ಲಿ ದೊಡ್ಡ ಹುದ್ದೆ, ಮೃದು ಮನುಷ್ಯ. ಅವರ ಮಗಳು ಸುಮಾಗೆ ಅಲಂಕಾರದ ಹೊತ್ತಿನಿಂದ ಎಲ್ಲವೂ ಕ್ಯಾಸೆಟ್ಟಿನಲ್ಲಿ ಬೇಕಿತ್ತು, ಗಂಡಸರು ಬೇಡವಾಗಿತ್ತು. ಹಾಗಾಗಿ ನಾನು. ಬೆಳಗಿನ ಮುಹೂರ್ತ. ಅಲಂಕಾರದ ಕೋಣೆಯ ಬಾಗಿಲು ನನಗಾಗಿ ತೆರೆಯಿತು. ಒಳಗೆ ಸುಮಾಳ ಅಮ್ಮ ಮಗಳ ಜಡೆಗೆ ಹೂವು ಸುತ್ತುತ್ತಾ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಬೈಯುತ್ತಿದ್ದರು. ಅತ್ತೆಯ ಬೆಳಕು ಎಲ್ಲಿ ಬೇಕೋ ಅಲ್ಲಿಗೆ ನನಗಿಂತ ಮೊದಲೇ ಹೋಗಿ ನಿಲ್ಲುತ್ತಿತ್ತು. ಯಾರೂ ಕಣ್ಣು ಕಿರಿದು ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ನಾವಿಬ್ಬರು ಅಲ್ಲಿರುವುದನ್ನೇ ಅವರು ಮರೆತರು. ನನಗೆ ಬೇಕಾಗಿದ್ದುದು ಅದೇ.

ಮಂಟಪದಲ್ಲಿ ತೊಡಕು ಬಂತು. ಅಂತರಪಟ ಹಿಡಿಯುವ ಸಮಯ. ನಾನು ಮಂಟಪದ ಒಂದು ಮೂಲೆಯಲ್ಲಿ ಸ್ಟ್ಯಾಂಡನ್ನು ಹೊಂದಿಸಿ ನಿಂತಿದ್ದೆ, ಅತ್ತೆ ಮದುಮಗಳಿಗೆ ಹತ್ತಿರ. ಚಂದ್ರಶೇಖರ್ ಅವರ ಅಣ್ಣ, ಮೈಸೂರಿನಿಂದ ಬಂದ ಹಿರಿಯರು, ಅತ್ತೆಯ ಹಣೆಯನ್ನೂ ಕೊರಳನ್ನೂ ನೋಡಿ ನನ್ನ ಬಳಿ ಬಂದರು.

"ತಪ್ಪು ತಿಳ್ಕೋಬೇಡಿಮ್ಮ. ಅವ್ರು ಸ್ವಲ್ಪ ಕೆಳಗೆ ಇಳಿದು ನಿಂತ್ಕೊಳ್ಳಲಿ. ಶುಭಕಾರ್ಯ ನೋಡಿ. ಧಾರೆ ಮುಗಿಯೋವರೆಗೆ ಮಾತ್ರ."

ಬ್ಯಾಟರಿ, ಕ್ಯಾಸೆಟ್ಟು, ಮೈಕು, ಮಳೆ, ಕರೆಂಟು, ಎಲ್ಲವನ್ನೂ ಯೋಚಿಸಿ ಬಂದಿದ್ದೆ. ಇದನ್ನು ಯೋಚಿಸಿರಲಿಲ್ಲ. ಯೋಚಿಸದಿದ್ದುದಕ್ಕೆ ಕಾರಣವಿತ್ತು. ಮಾವ ಹೋದ ಮೇಲೆ ಅತ್ತೆ ನೆಂಟರ ಮದುವೆಗಳಿಗೆ ಬರುತ್ತಿದ್ದರು, ಆದರೆ ತಾವಾಗಿಯೇ ಹಿಂದಿನ ಸಾಲಿಗೋ ತರಕಾರಿ ಹೆಚ್ಚುವ ಕಡೆಗೋ ಹೋಗಿಬಿಡುತ್ತಿದ್ದರು. ಅವರನ್ನು ಯಾರೂ ಏಳಿಸಬೇಕಾದ ಸಂದರ್ಭವೇ ಬಂದಿರಲಿಲ್ಲ. ಈಗ ಅವರು ಇಳಿಯುತ್ತಾರೆ ಎಂದುಕೊಂಡೆ. ಅವರು ಇಳಿದರೆ ನನ್ನ ಕೆಲಸ ಕೆಡುವುದಿಲ್ಲ, ಕ್ಯಾಮೆರಾ ಇದ್ದ ಬೆಳಕಿನಲ್ಲೇ ನಡೆಸೀತು. ಆದರೆ ಮನೆಗೆ ಹೋಗಿ ನಾವು ಒಬ್ಬರ ಮುಖ ಒಬ್ಬರು ಹೇಗೆ ನೋಡುವುದು? ಸ್ಟ್ಯಾಂಡಿನಿಂದ ಕೈ ತೆಗೆದೆ. ಹಿರಿಯರಿಗೆ ಹೇಳಿದೆ.

"ಲೈಟು ಹಿಡಿಯೋರು ನನ್ನ ಜೊತೆ ಕೆಲಸಕ್ಕೆ ಬಂದೋರು, ಸಾರ್. ಅವರು ಇಳಿದ್ರೆ ನಾನೂ ಇಳೀತೀನಿ."

ಹಿರಿಯರ ಮುಖ ಕೆಂಪಾಯಿತು. ಅಷ್ಟರಲ್ಲಿ ಅತ್ತೆಯೇ ತಿರುಗಿದರು. ಬೆಳಕನ್ನು ಮಾತ್ರ ತಿರುಗಿಸಲಿಲ್ಲ, ಅದು ಸುಮಾಳ ಮುಖದ ಮೇಲೇ ಇತ್ತು. ದನಿ ಏರಿಸದೆ ಹೇಳಿದರು.

"ಯಪ್ಪಾ, ನಾ ಮದುವಿಗೆ ಬಂದಿದ್ರ ನಾನೇ ಹಿಂದ ಕುಂಡ್ರತಿದ್ದೆ, ನಿಮಗ ಹೇಳೂ ಕಷ್ಟ ಕೊಡ್ತಿದ್ದಿಲ್ಲ. ನಾ ಬಂದಿದ್ದು ಕೆಲಸಕ್ಕ. ಅಲ್ಲಿ ವಾಜಂತ್ರಿಯವರು ಊದಾಕತ್ತಾರಲ್ಲ, ಅವರ ಹೆಂಡ್ರು ಅದಾರೋ ಇಲ್ಲೋ, ಯಾರರ ಕೇಳೀರೇನು?"

ಕೆಳಗೆ ಕೂತವರಲ್ಲಿ ಯಾರೋ ಕೆಮ್ಮಿದರು. ನಾಗಸ್ವರದವರು ತಮಿಳರು, ಏನೂ ತಿಳಿಯದೆ ಊದುತ್ತಲೇ ಇದ್ದರು. ಪುರೋಹಿತರು ಕೈಗಡಿಯಾರ ನೋಡಿ, "ಮುಹೂರ್ತ ಮೀರುತ್ತೆ, ಮಾತು ಆಮೇಲೆ ಇಟ್ಕೊಳ್ಳಿ" ಎಂದರು. ಚಂದ್ರಶೇಖರ್, ಮಗಳ ಪಕ್ಕದಿಂದ, ಅಣ್ಣನ ಕಡೆ ನೋಡದೆಯೇ, "ಅಣ್ಣಾ, ಬಂದು ಕೂತ್ಕೋ. ಧಾರೆ ನೀರಿಗೆ ನಿನ್ನ ಕೈಯೂ ಬೇಕು" ಎಂದರು. ಹಿರಿಯರು ಶಲ್ಯ ಸರಿಮಾಡಿಕೊಂಡರು. ಆಮೇಲೆ ಹೋಗಿ ಕೂತರು.

ಅಂತರಪಟ ಸರಿಯಿತು. ಗಟ್ಟಿಮೇಳ ಮೊಳಗಿತು. ನಾನು ಶಬ್ದದ ಗುಂಡಿ ತಿರುಗಿಸಿ, ಉಸಿರು ಬಿಗಿಹಿಡಿದು ಕ್ಯಾಮೆರಾದ ಕಿಂಡಿಯೊಳಗೆ ನೋಡುತ್ತಿದ್ದೆ. ಸುಮಾಳ ಮುಖದ ಮೇಲಿನ ಬೆಳಕು ನಡುಗುತ್ತಿತ್ತು. ಅಷ್ಟು ಸಮಾಧಾನವಾಗಿ ಮಾತಾಡಿದ ಅತ್ತೆಯ ಕೈ ಒಂದೇ ಸಮನೆ ನಡುಗುತ್ತಿತ್ತು. ಕಿಂಡಿಯಿಂದ ಕಣ್ಣು ತೆಗೆದು ಅವರನ್ನು ನೋಡಬೇಕೆನಿಸಿತು. ನೋಡಲಿಲ್ಲ. ನೋಡಿದ್ದರೆ ನನ್ನ ಕೈಯೂ ನಡುಗುತ್ತಿತ್ತು. ತಾಳಿ ಕಟ್ಟಿಯಾಯಿತು, ಡೋಲು ನಿಂತಿತು, ಸುಮಾಳ ಅಮ್ಮ ಮಗಳ ಕಿವಿಯ ಹತ್ತಿರ ಬಾಗಿದರು. "ಹಸಿವಾಗ್ತಿದೆಯಾ?" ಎಂದರು. ಅಷ್ಟೇ. ಅದು ನನ್ನ ಕ್ಯಾಸೆಟ್ಟಿನಲ್ಲಿ ಉಳಿಯಿತು.

ಊಟಕ್ಕೆ ಕರೆದಾಗ ಅತ್ತೆ ಎಲೆಯ ಮುಂದೆ ಕೂತು ಬಹಳ ಹೊತ್ತು ಏನೂ ಮುಟ್ಟಲಿಲ್ಲ. ನಾನು, "ಅತ್ತಿ, ಮುಂದಿನ ಮದುವಿಗೆ ಬ್ಯಾರೆ ಯಾರನ್ನಾರ ನೋಡ್ಲೇನ್ರಿ?" ಎಂದೆ. ಅವರು ಹೋಳಿಗೆ ಮುರಿಯುತ್ತಾ, "ಯಾಕ, ಬೆಳಕು ಸರಿ ಬಿದ್ದಿಲ್ಲೇನು?" ಎಂದರು. ಬಿದ್ದಿದೆ ಎಂದೆ. "ಹಂಗಾರ ಸುಮ್ನ ಉಣ್ಣು."

ಸೆಲ್ವರಾಜ್ ಅಣ್ಣನ ಒಳಕೋಣೆಯಲ್ಲಿ ಆ ಮದುವೆಯನ್ನು ಜೋಡಿಸಲು ಕೂತಾಗ ಇನ್ನೊಂದು ಪೇಚು. ಮೈಕು ಒಳ್ಳೆಯದು ಕೊಂಡಿದ್ದೆನಲ್ಲ, ಮಂಟಪದ ಮಾತೆಲ್ಲ ಅಕ್ಷರ ಅಕ್ಷರವಾಗಿ ಬಿದ್ದಿತ್ತು. ಹಿರಿಯರದು, ನನ್ನದು, ಅತ್ತೆಯದು. ನನ್ನೊಳಗೆ ಒಬ್ಬಳು ಇದನ್ನು ಹಾಗೇ ಇಡು ಎನ್ನುತ್ತಿದ್ದಳು. ಪ್ರತಿ ವರ್ಷ ಹಾಕಿ ನೋಡಲಿ, ಕೇಳಿಸಿಕೊಳ್ಳಲಿ. ಮನೆಗೆ ಬಂದು ಅತ್ತೆಯನ್ನೇ ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು.

"ಮ್ಯಾಲೆ ಹಾಡು ಹಾಕು. ಮದುವಿ ಅವರದು, ಜಗಳ ನಮ್ಮದು. ಅವರ ಕ್ಯಾಸೆಟ್ಟಿನಾಗ ನಮ್ಮ ಜಗಳ ಯಾಕ ಇರಬೇಕು?"

ಹಾಡು ಹಾಕಲಿಲ್ಲ, ನಾಗಸ್ವರವನ್ನೇ ಹಿಂದಿನಿಂದ ಎಳೆದು ಅದರ ಮೇಲೆ ಹೊದಿಸಿದೆ. ಮಾತು ಮುಚ್ಚಿತು. ಬೆಳಕಿನ ನಡುಕವನ್ನು ಮಾತ್ರ ಯಾವುದರಿಂದಲೂ ಮುಚ್ಚಲು ಬರಲಿಲ್ಲ. ಸುಮಾಳ ತಗ್ಗಿಸಿದ ರೆಪ್ಪೆ, ಮೂಗುತಿ, ಬಾಸಿಂಗದ ಅಂಚು, ಎಲ್ಲದರ ಮೇಲೂ ಬೆಳಕು ಎಣ್ಣೆ ದೀಪದ ಕುಡಿಯ ಹಾಗೆ ಅಲುಗುತ್ತಿತ್ತು. ಸೆಲ್ವರಾಜ್ ಅಣ್ಣ ಹಿಂದೆ ಬಂದು ನಿಂತು ಬಗ್ಗಿ ನೋಡಿದರು. ಮತ್ತೊಮ್ಮೆ ತಿರುಗಿಸಿ ಹಾಕಿಸಿಕೊಂಡು ನೋಡಿದರು. ಕೊನೆಗೆ ಕುತೂಹಲ ತಡೆಯಲಾರದೆ, "ಇದು ಎನ್ನ ಎಫೆಕ್ಟ್ ಮಾ? ಪುದು ಮಿಷಿನ್ನಾ?" ಎಂದರು, ಇದೇನು ಎಫೆಕ್ಟು, ಹೊಸ ಮಿಷಿನ್ನೇ ಎಂದು. ಅತ್ತೆಯ ಕೈ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆದರೆ ಅಂದಿನಿಂದ ಕ್ಯಾಮೆರಾದ ಅಳತೆಯ ಬಗ್ಗೆ ಅವರು ನನಗೆ ಬುದ್ಧಿ ಹೇಳಲಿಲ್ಲ.

ಕ್ಯಾಸೆಟ್ಟು ಕೊಟ್ಟ ಮೇಲೆ ಚಂದ್ರಶೇಖರ್ ಅವರ ಮನೆಯಿಂದ ಯಾವ ಸುದ್ದಿಯೂ ಇರಲಿಲ್ಲ. ನಾನು ದಿನವೂ ಫೋನಿನ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ಆಮೇಲೆ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಗಂಡ ಹೆಂಡತಿ, ಜೊತೆಯಲ್ಲಿ ಮದುವೆಗೆ ಗೊತ್ತಾದ ಮಗಳು. ನುಂಗಂಬಾಕ್ಕಂನಲ್ಲಿ ಸುಮಾಳ ಕ್ಯಾಸೆಟ್ಟು ನೋಡಿ ಬಂದವರು, ಅವರೂ ಕನ್ನಡದವರೇ. ಹೆಣ್ಣಿನ ತಾಯಿ ಕೂರುವ ಮೊದಲೇ ಕೇಳಿದರು, "ಲೈಟ್ ಹಿಡಿಯೋ ಅಮ್ಮ ಇರೋದು ನಿಮ್ಮಲ್ಲೇ ಅಲ್ವಾ?"

ಈ ಸಲ ನಾನು ಮೊದಲೇ ಎಲ್ಲ ಹೇಳಿಬಿಡಬೇಕೆಂದು ನಿಶ್ಚಯಿಸಿದ್ದೆ. ಮಂಟಪದ ಮೇಲೆ ಮಾತು ಬರುವುದು ಬೇಡ. ಕ್ಯಾಮೆರಾ ಸಣ್ಣದು ಎಂದೆ, ತೋರಿಸಿದೆ. ದೊಡ್ಡ ಲೈಟು ಇರುವುದಿಲ್ಲ ಎಂದೆ. ಕ್ಯಾಮೆರಾವನ್ನು ಪಕ್ಕಕ್ಕಿಟ್ಟು, "ಇನ್ನೊಂದು ವಿಷಯ. ನಮ್ಮ ಅತ್ತೆಯವರು... ಮಾವ ಇಲ್ಲ. ಮುಹೂರ್ತದ ಹೊತ್ತಿಗೆ ಅವರು ಮಂಟಪದ ಮೇಲೇ ಇರ್ತಾರೆ. ನಿಮ್ಮ ಕಡೆ ಹಿರಿಯರು ಯಾರಾದ್ರೂ..." ಎಂದು ತಡವರಿಸುತ್ತಿದ್ದೆ. ಹೆಣ್ಣಿನ ತಂದೆ ಏನೋ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಅಡುಗೆ ಮನೆಯಿಂದ ಅತ್ತೆಯ ದನಿ ಬಂತು.

"ಗಿರಿಜಾ, ಅದನ್ಯಾಕ ಕೇಳ್ತಿ? ಮಂಟಪದಾಗ ಫ್ಯಾನ್ ಯಾವ ಕಡೆ ಐತಿ ಅಂತ ಕೇಳು. ಗಾಳಿಗೆ ನನ್ನ ಸೆರಗು ಹಾರಿ ಲೈಟಿಗೆ ಅಡ್ಡ ಬರ್ತೈತಿ."